ಹುಳಿ ಇದ್ದ ಮಾತ್ರಕ್ಕೆ ಸೋಲಕಡಿ ಕೆಡದೇ ಉಳಿಯದು

ಸಂಪಾದಕರೇ,

ಬೇಸಿಗೆಯಲ್ಲಿ ಕಾರವಾರ, ಅಂಕೋಲಾ, ಕುಮಟಾ ಕಡೆಯ ಹಲವು ಊಟದ ಹೋಟೆಲುಗಳಲ್ಲಿ ಬೆಳಿಗ್ಗೆ ಕಲಸಿಟ್ಟ ಸೋಲಕಡಿ (ಮುರುಗಲು ಅಂದರೆ ಕೋಕಂ ಹುಳಿಗೆ ತೆಂಗಿನಹಾಲು ಬೆರೆಸಿದ ಪಾನೀಯ) ಮಧ್ಯಾಹ್ನದವರೆಗೂ ಹೊರಗೇ ಇರುತ್ತದೆ. ಕೇಳಿದರೆ ‘ಹುಳಿ ಇದ್ಯಲ್ಲ, ಎಂತ ಆಗ್ತದೆ?’ ಎನ್ನುತ್ತಾರೆ. ಬರೀ ಮುರುಗಲು ಸಿಪ್ಪೆ ನೆನೆಸಿದ ನೀರಿಗಾದರೆ ಆ ಮಾತು ಬಹುಮಟ್ಟಿಗೆ ಸರಿ. ತೆಂಗಿನಹಾಲು ಬಿದ್ದ ಮೇಲೆ ಲೆಕ್ಕವೇ ಬೇರೆ. ತೆಂಗಿನಹಾಲಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6ರ ಆಸುಪಾಸು. ಹುಳಿಯನ್ನು ತಗ್ಗಿಸುವುದಲ್ಲದೆ ಬ್ಯಾಕ್ಟೀರಿಯಾಕ್ಕೆ ಮೇವನ್ನೂ ಒದಗಿಸುತ್ತದೆ. ಹುಳಿನೀರು ಬೇರೆ ಇಟ್ಟು, ಹಾಲನ್ನು ಬಡಿಸುವ ಹೊತ್ತಿಗೆ ಬೇಕಾದಷ್ಟೇ ಬೆರೆಸಬೇಕು. ಉಳಿದದ್ದು ಎರಡು ಗಂಟೆಯೊಳಗೆ ಫ್ರಿಜ್ಜಿಗೆ, 5 ಡಿಗ್ರಿಗಿಂತ ಕೆಳಕ್ಕೆ.

ನಾಲಿಗೆಯ ಅಂದಾಜು ಇಲ್ಲಿ ನಡೆಯದು, ಯಾವ ಆಮ್ಲ ಎಂಬುದೂ ಮುಖ್ಯ. ಅಡುಗೆಯ ಹುಳಿಗಳಲ್ಲಿರುವ ಆಮ್ಲಗಳ ಒಡೆಯದ ಅಣುಗಳು ಬ್ಯಾಕ್ಟೀರಿಯಾದ ಜೀವಕೋಶದ ಪೊರೆ ದಾಟಿ ಒಳಗೆ ಹೋಗಿ ಒಡೆಯುತ್ತವೆ. ಆ ಆಮ್ಲೀಯತೆಯನ್ನು ಹೊರದಬ್ಬುವುದರಲ್ಲೇ ಜೀವಕೋಶ ಸೊರಗುತ್ತದೆ. ಪಿಎಚ್ 4.5ರಲ್ಲಿ ವಿನೆಗರಿನ ಅಸಿಟಿಕ್ ಆಮ್ಲದ ಸುಮಾರು ಶೇ 65 ಭಾಗ ಒಡೆಯದೆ ಇರುತ್ತದೆ, ಲಿಂಬೆಯ ಸಿಟ್ರಿಕ್ ಆಮ್ಲದ್ದು ಶೇ 3ರಷ್ಟು ಮಾತ್ರ. ವಿನೆಗರಿನ ಜಾಗದಲ್ಲಿ ಲಿಂಬೆ ಹಿಂಡಿ ಉಪ್ಪಿನಕಾಯಿ ಹಾಕುವವರು ಇದನ್ನು ಗಮನಿಸಬೇಕು.

ಪಿಎಚ್ 4.6ಕ್ಕಿಂತ ಕೆಳಗೆ ಮಾರಕ ವಿಷ ಉಂಟುಮಾಡುವ ಬಾಟುಲಿನಮ್ ಬ್ಯಾಕ್ಟೀರಿಯಾ ಬೆಳೆಯದು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮಾತ್ರ 4ರ ಹತ್ತಿರದವರೆಗೂ ಬೆಳೆಯಬಲ್ಲದು. ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಅದಕ್ಕೂ ಕೆಳಗೆ, ಬೆಳೆಯದಿದ್ದರೂ, ದಿನಗಟ್ಟಲೆ ಬದುಕಿರುತ್ತವೆ. ಅಂದರೆ ಹುಳಿ ತಡೆಯುತ್ತದೆ, ಕೊಲ್ಲುತ್ತದೆಂಬ ಭರವಸೆ ಇಲ್ಲ. ಕೊಳಕು ನೀರನ್ನು ಮುರುಗಲು ಶುದ್ಧ ಮಾಡದು.

ಮುರುಗಲು ರಸ, ಸಿರಪ್ ಮಾಡಿ ಮಾರುವ ಘಟಕದವರಿಗೆ ಒಂದು ಮಾತು: ಪಿಎಚ್ ಕಾಗದ ನಂಬಬೇಡಿ. ಸಿಪ್ಪೆಯ ಕೆಂಪು ಬಣ್ಣವೇ ಪಟ್ಟಿಗೆ ಹತ್ತಿ ಲೆಕ್ಕ ತಪ್ಪುತ್ತದೆ. ಪಿಎಚ್ 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣದಲ್ಲಿ) ಸರಿಹೊಂದಿಸಿದ ಮೀಟರೇ ಬೇಕು. ಹೋಳಿರುವ ಪದಾರ್ಥವನ್ನು ರುಬ್ಬಿಯೇ ಅಳೆಯಬೇಕು, ಹೋಳಿನ ಒಳಗೆ ಹುಳಿ ಇಳಿಯಲು ಹೊತ್ತು ಬೇಕು.

ಇನ್ನು ಬಂಗಡೆ. ಐಸ್ ಇಲ್ಲದೆ ಬಿಸಿಲಲ್ಲಿ ಬಿದ್ದಿದ್ದ ಮೀನಿಗೆ ಹುಳಿ ಸವರಿದರೆ ವಾಸನೆ ಅಡಗಬಹುದು. ಅಷ್ಟರಲ್ಲಿ ಬ್ಯಾಕ್ಟೀರಿಯಾ ಮಾಡಿಟ್ಟ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ತರುವ ವಸ್ತು ಹುಳಿಗೂ ಹೋಗದು, ಕುದಿಸಿದರೂ ಹೋಗದು. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತಲೆನೋವು, ತುರಿಕೆ ಶುರುವಾಗುತ್ತದೆ. ಅಂಥ ಮೀನನ್ನು ಎಸೆಯಬೇಕು, ಬೇರೆ ದಾರಿ ಇಲ್ಲ.

– ಓದುಗರು, ಕುಮಟಾ