ಮನೆ ಮೇಲೆ ಟಾಪ್-ಅಪ್ ಸಾಲ ತೆಗೆಯೋ ಮುಂಚೆ

ಎಲ್ಲರಿಗೂ ನಮಸ್ಕಾರ. ವಿಜಯನಗರದ ಮನೆ ಮೇಲೆ ಟಾಪ್-ಅಪ್ ಸಾಲ, ಅಂದರೆ ಇರೋ ಗೃಹಸಾಲದ ಮೇಲೆ ಇನ್ನಷ್ಟು ಸಾಲ ತೆಗೆದು ದೇವನಹಳ್ಳಿ ಕಡೆ ಸೈಟು ತಗೊಳ್ಳೋ ಮಾತು ನಿನ್ನೆ ಗುಂಪಲ್ಲಿ ಬಂತು. ಅದಕ್ಕೇ ಇದು.

ಮನೆಯ ಇವತ್ತಿನ ಬೆಲೆಯಲ್ಲಿ ಬಾಕಿ ಸಾಲ ಕಳೆದರೆ ಉಳಿಯೋದೇ ನಿಮ್ಮ ಪಾಲು. 80 ಲಕ್ಷದ ಮನೆ, 40 ಲಕ್ಷ ಬಾಕಿ ಅಂದರೆ ಪಾಲು 40 ಲಕ್ಷ. ಆದರೆ ಅಷ್ಟೂ ಕೈಗೆ ಸಿಗಲ್ಲ. ಬ್ಯಾಂಕು ಬೆಲೆಯ 75% ತನಕ ಒಪ್ಪಿದರೆ ಒಟ್ಟು ಸಾಲ 60 ಲಕ್ಷ ದಾಟೋ ಹಾಗಿಲ್ಲ, ಹೊಸದಾಗಿ ಸಿಗೋದು 20 ಲಕ್ಷ. ಬೆಲೆ ಎಷ್ಟು ಅಂತ ಹೇಳೋದು ಬ್ಯಾಂಕಿನ ವ್ಯಾಲ್ಯುಯರ್, ಪಕ್ಕದ ಮನೆಯವರಲ್ಲ.

ಈ ಪಾಲು ಮೊದಮೊದಲು ಬೆಳೆಯೋದು ಬಹಳ ನಿಧಾನ. ನಮ್ಮ ಸಾಲದ ಸ್ಟೇಟ್‌ಮೆಂಟ್ ನೋಡಿ ನನಗೆ ಎದೆ ಧಸಕ್ಕೆಂದಿತ್ತು. 50 ಲಕ್ಷ, 8.5% ಬಡ್ಡಿ, 20 ವರ್ಷ. ಇಎಂಐ ಸುಮಾರು 43,400. ಮೊದಲ ಕಂತಲ್ಲಿ 35,400 ಬಡ್ಡಿಗೇ ಹೋಗಿತ್ತು, ಅಸಲಿಗೆ ಬರೀ 8,000! ಅದಕ್ಕೇ ಬೋನಸ್ ಬಂದಾಗ ಅಸಲಿಗೆ ಕಟ್ಟಿ. ಫ್ಲೋಟಿಂಗ್ (ಆಗಾಗ ಬದಲಾಗೋ) ಬಡ್ಡಿಯ ಗೃಹಸಾಲಕ್ಕೆ ಮುಂಚಿತ ಪಾವತಿ ದಂಡ ಹಾಕಬಾರದು ಅಂತ ಆರ್‌ಬಿಐ ನಿಯಮವೇ ಇದೆ.

ಟಾಪ್-ಅಪ್ ದುಡ್ಡಲ್ಲಿ ಖಾಲಿ ಸೈಟು ತಗೊಳ್ಳೋದು ನನಗೆ ಸರಿ ಕಾಣಲ್ಲ. ಬಾಡಿಗೆ ಬರಲ್ಲ, ಕಂತು ಮಾತ್ರ ತಿಂಗಳು ತಿಂಗಳು ಹೋಗುತ್ತೆ, ಅಡವಿಗಿರೋದು ನಾವು ಮಲಗೋ ಮನೆ. ಇರೋ ಮನೆ ಮೇಲೇ ಒಂದು ಮಹಡಿ ಕಟ್ಟಿ ಬಾಡಿಗೆಗೆ ಕೊಡೋದಾದರೆ ಯೋಚಿಸಬಹುದು, ಪ್ಲಾನ್ ಮಂಜೂರಾತಿ ಇದ್ದರೆ.

ಬಿ ಖಾತಾ ಆಸ್ತಿಗೆ (ತೆರಿಗೆಗೆ ದಾಖಲಾಗಿದ್ದರೂ ಪೂರ್ತಿ ಸಕ್ರಮ ಅಲ್ಲದ್ದು) ಎಷ್ಟೋ ಬ್ಯಾಂಕು ಸಾಲ ಕೊಡಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಇ-ಖಾತಾ (ಖಾತೆಯ ಡಿಜಿಟಲ್ ದಾಖಲೆ), ಇ.ಸಿ. (ಆಸ್ತಿ ಮೇಲೆ ಸಾಲ, ವ್ಯವಹಾರ ಏನಿದೆ ಅಂತ ತೋರಿಸೋ ಋಣಭಾರ ಪತ್ರ) ಎರಡನ್ನೂ ವಕೀಲರಿಗೆ ತೋರಿಸಿ. ಲೆಕ್ಕ ಹಾಕೋಕೆ ಕಷ್ಟ ಆದರೆ ನನಗೆ ಮೆಸೇಜ್ ಮಾಡಿ, ಸ್ಟೇಟ್‌ಮೆಂಟ್ ಇಟ್ಕೊಂಡು ಜೊತೆಗೇ ಕೂತು ನೋಡೋಣ.