ಶನಿವಾರ ಸಂಜೆ ಡೊಮೈನ್ ಸರ್ವರ್ ರಿಸ್ಟೋರ್: ಎಲ್ಲರೂ ಗಮನಿಸಿ

ಎಲ್ಲರಿಗೂ ನಮಸ್ಕಾರ. ಹಾಸನದ ಮುಖ್ಯ ಕಚೇರಿ, ಬೇಲೂರು, ಸಕಲೇಶಪುರ ಶಾಖೆಯವರು ದಯವಿಟ್ಟು ಪೂರ್ತಿ ಓದಿ.

ಮೊನ್ನೆ ಮಳೆಗೆ ಕರೆಂಟ್ ಹೋಗಿ ಬಂದಾಗ ಮುಖ್ಯ ಸರ್ವರ್‌ನ ಡಿಸ್ಕ್ ಹಾಳಾಯಿತು. ಹೊಸ ಡಿಸ್ಕ್ ಹಾಕಿ ವಿಂಡೋಸ್ ಸರ್ವರ್ ಮತ್ತೆ ಇನ್‌ಸ್ಟಾಲ್ ಮಾಡಿದ್ದೇನೆ. ಆದರೆ ನಿಮ್ಮೆಲ್ಲರ ಯೂಸರ್ ಹೆಸರು, ಪಾಸ್‌ವರ್ಡ್ ಇರುವ ಆಕ್ಟಿವ್ ಡೈರೆಕ್ಟರಿ ಅದರಲ್ಲಿ ಇನ್ನೂ ಇಲ್ಲ. ಶನಿವಾರ ಸಂಜೆ 5ರಿಂದ ಅದನ್ನು ಬ್ಯಾಕಪ್‌ನಿಂದ ವಾಪಸ್ ತರುತ್ತೇನೆ.

ಅದೇ ಹೆಸರಲ್ಲಿ ಹೊಸ ಡೊಮೈನ್ (ನಮ್ಮ ಯೂಸರ್‌ಗಳು, ಕಂಪ್ಯೂಟರ್‌ಗಳೆಲ್ಲ ಸೇರಿರುವ ಗುಂಪು) ಮಾಡಿದರೆ ಬೇಗ ಮುಗಿಯುತ್ತೆ ಅಲ್ವಾ ಎಂದು ಕೆಲವರು ಕೇಳಿದಿರಿ. ಹೆಸರು ಒಂದೇ ಇದ್ದರೂ ಒಳಗಿನ ಗುರುತಿನ ಸಂಖ್ಯೆ ಬೇರೆಯಾಗುತ್ತದೆ. ಹಳೆಯ ಡೊಮೈನ್‌ಗೆ ಸೇರಿರುವ ನಮ್ಮ ಕಂಪ್ಯೂಟರ್‌ಗಳು ಅದನ್ನು ನಂಬುವುದಿಲ್ಲ. ಎಲ್ಲವನ್ನೂ ಒಂದೊಂದಾಗಿ ಮತ್ತೆ ಸೇರಿಸಬೇಕು, ನಿಮ್ಮ ಡೆಸ್ಕ್‌ಟಾಪ್ ಖಾಲಿ ಕಾಣಿಸುತ್ತದೆ. ಅದು ಬೇಡ. ನಮ್ಮ ಸಿಸ್ಟಮ್ ಸ್ಟೇಟ್ ಬ್ಯಾಕಪ್ (ಆಕ್ಟಿವ್ ಡೈರೆಕ್ಟರಿಯೂ ಸೇರಿದ ಬ್ಯಾಕಪ್) 9 ದಿನ ಹಳೆಯದು, ಅಂಥ ಬ್ಯಾಕಪ್ ಬಳಸಲು ಇರುವ 180 ದಿನದ ಮಿತಿಯೊಳಗೇ ಇದೆ. ರಿಸ್ಟೋರ್ ಮೋಡ್‌ನ (ಡೈರೆಕ್ಟರಿ ವಾಪಸ್ ತರಲು ಸರ್ವರ್ ಶುರುಮಾಡುವ ವಿಶೇಷ ವಿಧಾನದ) ಪಾಸ್‌ವರ್ಡ್ ಬರೆದಿಟ್ಟ ಹಳದಿ ಚೀಟಿಯೂ ಬೀರುವಿನಲ್ಲಿ ಸಿಕ್ಕಿತು. ಆಮೇಲೇ ನನಗೆ ಧೈರ್ಯ ಬಂತು.

ಶನಿವಾರ 5ಕ್ಕೆ ಮುಂಚೆ ಫೈಲ್ ಸೇವ್ ಮಾಡಿ, ಕಂಪ್ಯೂಟರ್ ಆಫ್ ಮಾಡಿ ಹೊರಡಿ. ಈ 9 ದಿನದಲ್ಲಿ ಪಾಸ್‌ವರ್ಡ್ ಬದಲಿಸಿದವರು ಸೋಮವಾರ ಹಳೆಯದನ್ನೇ ಹಾಕಬೇಕು. ಕಂಪ್ಯೂಟರ್‌ನ ಗಡಿಯಾರವನ್ನೂ ನೋಡಿ, ಸರ್ವರ್ ಸಮಯಕ್ಕೂ ಅದಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಲಾಗಿನ್ ಆಗುವುದಿಲ್ಲ. ಬೇಲೂರಿನ ಕೌಂಟರ್ ಕಂಪ್ಯೂಟರ್ 12 ನಿಮಿಷ ಹಿಂದಿದೆ, ಅಲ್ಲಿನವರು ಇವತ್ತೇ ಸರಿಮಾಡಿಸಿ.

ಸೋಮವಾರ ಟ್ರಸ್ಟ್ (ಕಂಪ್ಯೂಟರ್ ಮತ್ತು ಡೊಮೈನ್ ನಡುವಿನ ನಂಬಿಕೆ) ಎಂಬ ಎರರ್ ಬಂದರೆ ನೀವಾಗಿ ಕಂಪ್ಯೂಟರನ್ನು ಡೊಮೈನ್‌ನಿಂದ ತೆಗೆಯಬೇಡಿ. ಪರದೆಯ ಫೋಟೊ ಇಲ್ಲಿ ಹಾಕಿ, ನಾನು ಬರುತ್ತೇನೆ. ಓದಿದವರು ಶಾಖೆಯ ಹೆಸರಿನ ಜೊತೆ "ಸರಿ" ಎಂದು ನಾಳೆ ಮಧ್ಯಾಹ್ನದೊಳಗೆ ತಿಳಿಸಿ.