ಚಿಕ್ಕೋರಿಗೆ ಡೇಕೇರ್ ಹುಡುಕ್ತಿರೋ ಪೋಷಕರಿಗೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಅಡ್ಮಿಷನ್ ಟೈಮ್ ಬಂತಂದ್ರೆ ಸಾಕು, ನಮ್ ಸ್ಕೂಲಿಗೆ ದೊಡ್ಡೋನ್ನ ಬಿಡೋಕೆ ಬಂದೋರೆಲ್ಲ ಗೇಟ್ ಹತ್ರ ನಿಂತು ಕೇಳೋದು ಒಂದೇ, ಮೇಡಂ ಚಿಕ್ಕವಳಿಗೆ ಯಾವ ಪ್ಲೇಹೋಮ್ ಒಳ್ಳೇದು ಹೇಳಿ ಅಂತ. ಹೆಸರು ಹೇಳಲ್ಲ, ಅದು ಸರಿ ಅಲ್ಲ. ಆದ್ರೆ ಏನು ನೋಡ್ಬೇಕು ಅನ್ನೋದು ಹೇಳ್ತೀನಿ, ಯಾಕಂದ್ರೆ ಒಂದನೇ ಕ್ಲಾಸಿಗೆ ಬಂದ ಮಗು ಎಷ್ಟು ಮಾತಾಡುತ್ತೆ, ಕಥೆ ಹೇಳಿದ್ರೆ ಎಷ್ಟು ಹಿಡ್ಕೊಳ್ಳುತ್ತೆ ಅನ್ನೋದರಲ್ಲಿ ಅದರ ಮೊದಲ ಮೂರ್ನಾಲ್ಕು ವರ್ಷದ ಪಾಲು ಜಾಸ್ತಿನೇ ಇರುತ್ತೆ.

ಅಮೆರಿಕದಲ್ಲಿ 1991ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯ್ತು, ಎನ್‌ಐಸಿಎಚ್‌ಡಿ ಅನ್ನೋ ಸರ್ಕಾರಿ ಸಂಸ್ಥೆದು, 1,300ಕ್ಕೂ ಹೆಚ್ಚು ಮಕ್ಕಳನ್ನ ಹುಟ್ಟಿದಾಗಿಂದ ಹದಿನೈದನೇ ವಯಸ್ಸಿನವರೆಗೂ ನೋಡ್ತಾ ಬಂದ್ರು. ಅಮ್ಮ ಕೆಲಸಕ್ಕೆ ಹೋಗ್ತಾಳೆ ಅಂತ ಬೇಜಾರು ಮಾಡ್ಕೊಳ್ಳೋರು ಇದನ್ನ ಓದ್ಲೇಬೇಕು: ಅಮ್ಮನ ಹತ್ರಾನೇ ಬೆಳೆದ ಮಕ್ಕಳಿಗೂ ಡೇಕೇರಲ್ಲಿ ಬೆಳೆದ ಮಕ್ಕಳಿಗೂ ಬುದ್ಧಿ ಬೆಳವಣಿಗೇಲಿ ಒಟ್ಟಾರೆ ಅಂಥ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಕಂಡಿದ್ದು ಡೇಕೇರ್ ಎಂಥದ್ದು ಅನ್ನೋದರಲ್ಲಿ. ನೋಡ್ಕೊಳ್ಳೋರು ಮಗು ಜೊತೆ ಜಾಸ್ತಿ ಮಾತಾಡಿ, ಪ್ರಶ್ನೆ ಕೇಳಿ, ಅದು ಅಂದಿದ್ದಕ್ಕೆ ಉತ್ತರ ಕೊಡೋ ಕಡೆ ಮಕ್ಕಳ ಭಾಷೆ, ಬುದ್ಧಿ ಎರಡೂ ಮುಂದಿತ್ತು. ದೊಡ್ಡ ಅಂತರ ಏನಲ್ಲ, ಮನೆ ಪ್ರಭಾವನೇ ಅದಕ್ಕಿಂತ ಜಾಸ್ತಿ, ಆದ್ರೂ ಆ ಚಿಕ್ಕ ಅಂತರ ಹದಿನೈದನೇ ವಯಸ್ಸಲ್ಲೂ ಕಾಣಿಸ್ತಿತ್ತು.

ಹಂಗಾಗಿ ಎಸಿ, ಸಿಸಿಟಿವಿ, ಗೋಡೆ ಮೇಲಿನ ಕಾರ್ಟೂನ್ ಎಲ್ಲ ಆಮೇಲೆ. ಮೊದಲು ಒಬ್ಬ ಆಯಾಗೆ ಎಷ್ಟು ಮಕ್ಕಳು ಕೇಳಿ. ಆ ಅಧ್ಯಯನದಲ್ಲಿ ಅಳತೆಗೆ ಇಟ್ಕೊಂಡಿದ್ದು ಒಂದೂವರೆ ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು, ಎರಡರಿಂದ ಮೂರು ವರ್ಷದವರಾದ್ರೆ ಏಳಕ್ಕೆ ಒಬ್ಬರು. ನಮ್ಮಲ್ಲಿ ಅಷ್ಟು ಸಿಗೋದು ಕಷ್ಟ ಗೊತ್ತು, ಆದ್ರೆ ಇಪ್ಪತ್ತು ಮಕ್ಕಳಿಗೆ ಒಬ್ಬರೇ ಅಂದ್ರೆ ಆ ಪಾಪದೋರು ಮೂಗು ಒರೆಸೋದು, ಊಟ ಮಾಡಿಸೋದು ಬಿಟ್ಟು ಮಾತು ಯಾವಾಗ ಆಡ್ತಾರೆ?

ಟಿವಿ ಹಾಕಿ ಕೂರಿಸ್ತಾರಾ ಅದನ್ನೂ ನೋಡಿ. ರೈಮ್ಸ್ ನೋಡಿ ಕಲೀತಾವೆ ಅಂತ ಹೇಳ್ತಾರೆ. ಸಿಯಾಟಲ್‌ನಲ್ಲಿ ಪೆಟ್ರೀಶಿಯಾ ಕೂಲ್ ಅನ್ನೋ ವಿಜ್ಞಾನಿ ಒಂಬತ್ತು ತಿಂಗಳ ಕೂಸುಗಳಿಗೆ ಚೀನಿ ಭಾಷೆ ಕೇಳಿಸಿದ್ರು, 2003ರಲ್ಲಿ ಪ್ರಕಟ ಆಯ್ತು. ಎದುರಿಗೆ ಕೂತು ಆಟ ಆಡಿಸ್ತಾ ಮಾತಾಡಿದಾಗ ಆ ಭಾಷೆ ಶಬ್ದಗಳನ್ನ ಗುರುತಿಸೋದು ಕಲಿತ್ವು, ಅದೇ ಜನರ ಮಾತನ್ನ ಟಿವೀಲಿ ತೋರಿಸಿದ್ರೆ ಏನೂ ಕಲೀಲಿಲ್ಲ!

ಇನ್ನೊಂದು, ಇದು ಕೆಲವರಿಗೆ ಇಷ್ಟ ಆಗಲ್ಲ. "ನಮ್ ಮಗು ಜೊತೆ ಇಂಗ್ಲಿಷಲ್ಲೇ ಮಾತಾಡಿ" ಅಂತ ಡೇಕೇರಿಗೆ ಹೇಳ್ಬೇಡಿ. ಪಾಪ ಆಯಾಗೆ ಇಂಗ್ಲಿಷ್ ಬರಲ್ಲ, ಬರೋದು ಸಿಟ್, ಕಮ್, ಈಟ್, ನೋ, ದಿನವಿಡೀ ಮಗು ಕಿವಿಗೆ ಅಷ್ಟೇ ಬೀಳುತ್ತೆ. ಅದೇ ಆಯಾನ ಕನ್ನಡದಲ್ಲಿ ಮಾತಾಡೋಕೆ ಬಿಟ್ರೆ ಕಾಗೆ ಯಾಕೆ ಕೂಗ್ತು, ಅನ್ನ ಯಾಕೆ ಬಿಸಿ, ಅಜ್ಜಿ ಎಲ್ಲಿಗೆ ಹೋದ್ರು ಅಂತ ಸಾಯಂಕಾಲದವರೆಗೂ ಮಾತಾಡ್ತಾಳೆ. ಮನೇಲಿ ತುಳು, ಉರ್ದು, ತೆಲುಗು ಇದ್ರೆ ಅದರಲ್ಲೂ ಮಾತಾಡ್ಲಿ, ನಷ್ಟ ಇಲ್ಲ. ಇಂಗ್ಲಿಷ್ ನಾವು ಸ್ಕೂಲಲ್ಲಿ ಕಲಿಸ್ತೀವಿ.

ಅಂಗನವಾಡಿ ಅಂತ ಮೂಗು ಮುರೀಬೇಡಿ, ಹೋಗಿ ನೋಡಿ ಬನ್ನಿ. ಕಥೆ ಹೇಳೋ ಟೀಚರ್ ಇರೋ ಅಂಗನವಾಡಿ ಸುಮ್ನೆ ಕೂರಿಸೋ ಪ್ಲೇಹೋಮಿಗಿಂತ ಎಷ್ಟೋ ವಾಸಿ. ಯಾವುದಕ್ಕೇ ಆಗ್ಲಿ ಫೀಸ್ ಕಟ್ಟೋ ಮುಂಚೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ ಅರ್ಧ ಗಂಟೆ ಕೂತ್ಕೊಳ್ಳಿ, ಒಳಗೆ ಬಿಡಲ್ಲ ಅಂದ್ರೆ ಅಲ್ಲೇ ಉತ್ತರ ಸಿಕ್ತು ಅನ್ಕೊಳ್ಳಿ.

ಏನಾದ್ರೂ ಕೇಳೋದಿದ್ರೆ ಶನಿವಾರ ಸ್ಕೂಲ್ ಬಿಟ್ಮೇಲೆ ಆಫೀಸಲ್ಲೇ ಇರ್ತೀನಿ, ಚಿಕ್ಕೋರನ್ನೂ ಕರ್ಕೊಂಡೇ ಬನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ